ಏಳು ತಲೆಮಾರಿನ ಹುಡುಕಾಟ: ‘ರೂಟ್ಸ್’ ಕೃತಿಯನ್ನು ಗಡಿನಾಡಿನಲ್ಲಿ ಓದುವಾಗ

ವಂಶದ ಹಿರಿಯರನ್ನು ಸ್ಮರಿಸುವ ಪದ್ಧತಿ ಲೋಕದ ಎಲ್ಲ ಜನಾಂಗಗಳಲ್ಲಿಯೂ ಒಂದಿಲ್ಲೊಂದು ರೂಪದಲ್ಲಿ ಉಂಟು. ನಮ್ಮಲ್ಲಿ ಕೆಲವರು ಶ್ರಾದ್ಧದ ಸಂಕಲ್ಪದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರಿನ ಹೆಸರನ್ನು ಉಚ್ಚರಿಸುತ್ತಾರೆ; ಕೆಲವರು ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುತ್ತಾರೆ. ಆದರೆ ಮುತ್ತಾತನ ತಂದೆ ಯಾರು, ಯಾವ ಊರಿನಿಂದ ಬಂದವರು, ಏನು ಕೆಲಸ ಮಾಡಿಕೊಂಡಿದ್ದವರು ಎಂದು ಕೇಳಿದರೆ ಬಹುಪಾಲು ಮನೆಗಳಲ್ಲಿ ಮೌನವೇ ಉತ್ತರ. ಈ ಮೌನವನ್ನು ಮುರಿಯಲು ಹೊರಟ ಒಬ್ಬ ಅಮೆರಿಕನ್ ಲೇಖಕನ ಕೃತಿಯನ್ನು, ನಮ್ಮ ರಾಯದುರ್ಗ ಮಡಕಶಿರಾ ಸೀಮೆಯ ಓದುಗರ ಮುಂದಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಕೃತಿ ಅಲೆಕ್ಸ್ ಹೇಲಿಯವರ ‘ರೂಟ್ಸ್’.

1976ರಲ್ಲಿ ಪ್ರಕಟವಾದ ಈ ಗ್ರಂಥ ಮರುವರ್ಷ ಪುಲಿಟ್ಜರ್ ಸಮಿತಿಯ ವಿಶೇಷ ಮನ್ನಣೆಗೆ ಪಾತ್ರವಾಯಿತು. 1977ರ ಜನವರಿಯಲ್ಲಿ ಎಂಟು ರಾತ್ರಿಗಳ ದೂರದರ್ಶನ ಧಾರಾವಾಹಿಯಾಗಿ ಅಮೆರಿಕೆಯ ಮನೆಮನೆಯನ್ನೂ ತಲುಪಿತು. ನಮ್ಮ ಜಿಲ್ಲೆಯ ಕನ್ನಡಿಗರಲ್ಲಿ ಇದನ್ನು ಓದಿದವರು ಹೆಚ್ಚಾಗಿ ತೆಲುಗಿನಲ್ಲೇ ಓದಿರುವುದುಂಟು. ಸಹವಾಸಿ ಅವರ ಸಂಗ್ರಹಾನುವಾದ ‘ಏಡು ತರಾಲು’ ಎಂಬ ಹೆಸರಿನಿಂದ ಹೈದರಾಬಾದ್ ಬುಕ್ ಟ್ರಸ್ಟ್ ಮೂಲಕ ಬಂದು ಬಹು ಜನಪ್ರಿಯವಾಯಿತು. ಕನ್ನಡದಲ್ಲಿ ಬಂಜಗೆರೆ ಜಯಪ್ರಕಾಶ ಅವರು ‘ತಲೆಮಾರು’ ಎಂಬ ಹೆಸರಿನಲ್ಲಿ ಅನುವಾದಿಸಿದ್ದಾರೆ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಮೂರು ಹೆಸರುಗಳೇ ವಿಚಾರಕ್ಕೆ ಹಚ್ಚುತ್ತವೆ. ಮೂಲದ ಹೆಸರು ಬೇರುಗಳನ್ನು ಕುರಿತದ್ದು; ಅದು ಮಣ್ಣಿನ ಮಾತು. ತೆಲುಗಿನ ಹೆಸರು ಲೆಕ್ಕದ ಮಾತು: ಕುಂಟಾ ಕಿಂಟೆ, ಕಿಜ್ಜಿ, ಜಾರ್ಜ್, ಟಾಮ್, ಸಿಂಥಿಯಾ, ಬರ್ತಾ, ಅಲೆಕ್ಸ್ ಎಂದು ಎಣಿಸಿದರೆ ಸರಿಯಾಗಿ ಏಳು. ಸಪಿಂಡತ್ವವನ್ನು ಏಳು ತಲೆಮಾರಿನವರೆಗೆ ಹೇಳುವ ನಮ್ಮ ಧರ್ಮಶಾಸ್ತ್ರದ ಎಣಿಕೆಯೂ ತೆಲುಗು ಓದುಗನ ಕಿವಿಯಲ್ಲಿ ಮೊಳಗಿರಬೇಕು. ಕನ್ನಡದ ‘ತಲೆಮಾರು’ ಎಂಬುದರಲ್ಲಿ ಒಂದು ತಲೆ ಹೋಗಿ ಇನ್ನೊಂದು ತಲೆ ಬರುವ ಮಾರ್ಪಾಟಿನ ಧ್ವನಿಯಿದೆ.

ಕಥಾಸಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಪಶ್ಚಿಮ ಆಫ್ರಿಕೆಯ ಗ್ಯಾಂಬಿಯಾ ನದೀತೀರದ ಜುಫೂರೆ ಎಂಬ ಹಳ್ಳಿಯ ಕುಂಟಾ ಕಿಂಟೆ ಎಂಬ ಯುವಕ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿ, 1767ರಲ್ಲಿ ‘ಲಾರ್ಡ್ ಲಿಗೊನಿಯರ್’ ಎಂಬ ಹಡಗಿನಲ್ಲಿ ಅಮೆರಿಕೆಯ ಅನ್ನಾಪೊಲಿಸ್ ಬಂದರಿಗೆ ಬರುತ್ತಾನೆ. ಒಡೆಯರು ಅವನಿಗೆ ಟೋಬಿ ಎಂಬ ಹೆಸರಿಡುತ್ತಾರೆ, ಅವನು ಒಪ್ಪುವುದಿಲ್ಲ. ಅವನ ಮಗಳು ಕಿಜ್ಜಿಯನ್ನು ದೂರದ ಒಡೆಯನಿಗೆ ಮಾರಲಾಗುತ್ತದೆ. ಆ ಒಡೆಯನ ದೌರ್ಜನ್ಯದಿಂದ ಹುಟ್ಟಿದ ಮಗನೇ ಜಾರ್ಜ್. ಪಂದ್ಯದ ಹುಂಜಗಳನ್ನು ಪಳಗಿಸುವ ಕುಶಲತೆಯಿಂದ ‘ಚಿಕನ್ ಜಾರ್ಜ್’ ಎಂದು ಹೆಸರಾದವನು. ಅವನ ಮಗ ಟಾಮ್ ಮರ್ರೆ ಕಮ್ಮಾರ. ಅಂತರ್ಯುದ್ಧ ಮುಗಿದು ಬಿಡುಗಡೆ ದೊರೆತ ಮೇಲೆ ಈ ಕುಟುಂಬ ಬಂಡಿಗಳಲ್ಲಿ ಹೊರಟು ಟೆನ್ನೆಸೀ ರಾಜ್ಯದ ಹೆನ್ನಿಂಗ್ ಎಂಬ ಊರಿನಲ್ಲಿ ನೆಲೆಸುತ್ತದೆ. ಟಾಮನ ಮಗಳು ಸಿಂಥಿಯಾಳೇ ಲೇಖಕನ ಅಜ್ಜಿ. ಅವಳು ಮನೆಯ ಜಗಲಿಯ ಮೇಲೆ ಕುಳಿತು ಹೇಳಿದ ಹಿರಿಯರ ಕಥೆಗಳೇ ಈ ಗ್ರಂಥಕ್ಕೆ ಬೀಜ.

ಕೃತಿಯ ಹೃದಯಸ್ಥಾನ ಯಾವುದು? ಹಡಗಿನ ತಳದಲ್ಲಿ ಸರಪಳಿ ಬಿಗಿದ ಜನರ ನರಳಾಟ ಎಂದು ಅನೇಕರು ಹೇಳುವರು. ಆ ಪುಟಗಳು ಓದುಗನ ನಿದ್ದೆಗೆಡಿಸುವಂಥವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಗ್ರಂಥದ ಸಾರವೆಲ್ಲ ಇರುವುದು ಕೊನೆಯ ಭಾಗದಲ್ಲಿ, ಲೇಖಕ ತಾನೇ ಪಾತ್ರವಾಗಿ ಬಂದು ತನ್ನ ಶೋಧನೆಯನ್ನು ವಿವರಿಸುವಲ್ಲಿ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಕುಳಿತು ಅವನು ಉತ್ತರ ಕೆರೊಲಿನಾದ ಅಲಮಾನ್ಸ್ ಕೌಂಟಿಯ 1870ರ ಜನಗಣತಿಯ ಸುರುಳಿಗಳನ್ನು ನೋಡುತ್ತಾನೆ. ಹೆಸರಿನ ಮೇಲೆ ಹೆಸರು ಸರಿದು, ಬೇಸರ ಬಂದು ಏಳಬೇಕೆನ್ನುವಷ್ಟರಲ್ಲಿ ಕಮ್ಮಾರ ಟಾಮ್ ಮರ್ರೆ, ಅವನ ಹೆಂಡತಿ, ಅವರ ಮಕ್ಕಳ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಆ ಮಕ್ಕಳಲ್ಲಿ ಆರು ವರ್ಷದ ಎಲಿಜಬೆತ್ ಒಬ್ಬಳು. ಲೇಖಕ ಬಾಲ್ಯದಲ್ಲಿ ಕಂಡಿದ್ದ ದೊಡ್ಡಜ್ಜಿಯೇ ಅವಳು. ಅಜ್ಜಿ ಸಿಂಥಿಯಾ ಆಗ ಇನ್ನೂ ಹುಟ್ಟಿರಲೇ ಇಲ್ಲ.

ಈ ಪ್ರಸಂಗದ ತೂಕ ತಿಳಿಯಬೇಕಾದರೆ ಒಂದು ವಿಷಯವನ್ನು ಅರಿತಿರಬೇಕು. 1850 ಮತ್ತು 1860ರ ಅಮೆರಿಕನ್ ಗಣತಿಗಳಲ್ಲಿ ಗುಲಾಮರಿಗಾಗಿ ಬೇರೆ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ಇಷ್ಟು ವಯಸ್ಸಿನ ಗಂಡು, ಇಷ್ಟು ವಯಸ್ಸಿನ ಹೆಣ್ಣು, ಇಂಥ ಬಣ್ಣ ಎಂದು ಬರೆಯುತ್ತಿದ್ದರೇ ವಿನಾ ಸಾಮಾನ್ಯವಾಗಿ ಗುಲಾಮನ ಹೆಸರನ್ನು ಬರೆಯುತ್ತಿರಲಿಲ್ಲ. ದಾಸ್ಯದಿಂದ ಬಿಡುಗಡೆಯಾದವರು ತಮ್ಮ ಸ್ವಂತ ಹೆಸರಿನಿಂದ ಗಣತಿಗೆ ಸೇರಿದ್ದು 1870ರಲ್ಲಿ. ಆದ್ದರಿಂದ ಕರಿಯ ಅಮೆರಿಕನ್ನರು ಪೂರ್ವಜರನ್ನು ಹುಡುಕುತ್ತ ಹೋದರೆ 1870ರ ಹಿಂದೆ ಒಂದು ಗೋಡೆ ಎದುರಾಗುತ್ತದೆ. ಹೇಲಿಯವರ ಅಜ್ಜಿಯ ಮಾತು, ಆಕೆಯನ್ನು ಎಂದೂ ಕಾಣದ ಒಬ್ಬ ಗಣತಿ ಗುಮಾಸ್ತನ ಬರಹ, ಎರಡೂ ಆ ಗೋಡೆಯ ಈಚೆ ಬದಿಯಲ್ಲಿ ಒಂದನ್ನೊಂದು ಸಂಧಿಸಿದವು. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದು ನಂಬತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಆ ಕಮ್ಮಾರನ ಮಟ್ಟಿಗೆ ‘ರೂಟ್ಸ್’ ಭದ್ರವಾದ ನೆಲದ ಮೇಲೆ ನಿಂತಿದೆ.

ಗೋಡೆಯ ಆಚೆ ಬದಿಯ ವಿಚಾರ ಹಾಗಿಲ್ಲ. ಅಜ್ಜಿಯಿಂದ ಬಂದ ಕೆಲವು ವಿಚಿತ್ರ ಶಬ್ದಗಳನ್ನು ಹೇಲಿ ಜೋಪಾನವಾಗಿಟ್ಟುಕೊಂಡಿದ್ದರು. ತಂತಿವಾದ್ಯಕ್ಕೆ ‘ಕೊ’, ನದಿಗೆ ‘ಕಾಂಬಿ ಬೊಲೊಂಗೊ’ ಎಂಬಂಥವು. ಮೌಖಿಕ ಪರಂಪರೆಯ ವಿದ್ವಾಂಸ ಯಾನ್ ವಾನ್ಸಿನಾ ಅವು ಮಂಡಿಂಕಾ ಭಾಷೆಯವು ಎಂದು ಸೂಚಿಸಿದರು. ಆ ಸುಳಿವು ಹಿಡಿದು ಗ್ಯಾಂಬಿಯಾಕ್ಕೆ ಹೋದ ಲೇಖಕನ ಮುಂದೆ, ಜುಫೂರೆಯಲ್ಲಿ ಕೆಬ್ಬಾ ಫೊಫಾನಾ ಎಂಬ ವೃದ್ಧ ಕಿಂಟೆ ಮನೆತನದ ವಂಶಾವಳಿಯನ್ನು ಹೇಳುತ್ತಾ, ಕಟ್ಟಿಗೆ ತರಲು ಹೋದ ಕುಂಟಾ ಮತ್ತೆ ಕಾಣಲಿಲ್ಲವೆಂದು ನುಡಿದನಂತೆ. ಕೃತಿಯ ಅತ್ಯಂತ ರೋಮಾಂಚಕ ಸನ್ನಿವೇಶವಿದು. ಅತ್ಯಂತ ದುರ್ಬಲವಾದದ್ದೂ ಇದೇ. 1977ರಲ್ಲಿಯೇ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆಯ ಮಾರ್ಕ್ ಒಟ್ಟವೇ ಈ ವೃದ್ಧನ ಸಾಕ್ಷ್ಯವನ್ನು ಸಂದೇಹಿಸಿದರು. 1981ರಲ್ಲಿ ಇತಿಹಾಸಕಾರ ಡೊನಾಲ್ಡ್ ರೈಟ್ ಅದೇ ಸಂದೇಹವನ್ನು ಕ್ಷೇತ್ರಕಾರ್ಯದಿಂದ ಪುಷ್ಟೀಕರಿಸಿದರು. ಅದೇ ವರ್ಷ ವಂಶಾವಳಿ ತಜ್ಞರಾದ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ಅವರು, ಟೋಬಿ ಎಂಬ ಗುಲಾಮ ವಾಲರ್ ಮನೆತನದ ದಾಖಲೆಗಳಲ್ಲಿ 1767ರ ಹಡಗಿಗಿಂತ ಮೊದಲೇ ಕಾಣಿಸುತ್ತಾನೆಂದು ತೋರಿಸಿದರು. ಇದಲ್ಲದೆ ಹೆರಾಲ್ಡ್ ಕೋರ್ಲಾಂಡರ್ ಅವರ ‘ದಿ ಆಫ್ರಿಕನ್’ ಎಂಬ 1967ರ ಕಾದಂಬರಿಯ ಭಾಗಗಳು ‘ರೂಟ್ಸ್’ನಲ್ಲಿ ಸೇರಿದ್ದವೆಂಬ ಮೊಕದ್ದಮೆ 1978ರಲ್ಲಿ ಹಣ ಕೊಟ್ಟು ರಾಜಿಯಾಗುವುದರಲ್ಲಿ ಮುಗಿಯಿತು.

ಈ ಹಿನ್ನೆಲೆಯಲ್ಲಿ ಗ್ರಂಥದ ರಚನೆಯನ್ನು ನೋಡಿದರೆ ಒಂದು ವಿಪರ್ಯಾಸ ಕಾಣುತ್ತದೆ. ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕುಂಟಾ ಕಿಂಟೆಗೆ ಮೀಸಲು. ಅಂದರೆ ಆಧಾರ ಅತಿ ಕಡಿಮೆಯಿರುವ ಪೂರ್ವಜನಿಗೆ. ಅವನ ಹುಟ್ಟು, ಬಾಲ್ಯ, ದೀಕ್ಷೆ, ಹಳ್ಳಿಯ ಋತುಮಾನ ಎಲ್ಲವೂ ಸಾವಧಾನವಾಗಿ ವರ್ಣಿತವಾಗಿವೆ. ಆಧಾರ ಹೆಚ್ಚಿರುವ ಟಾಮ್ ಮರ್ರೆಯ ಬದುಕು ಮಾತ್ರ ಅವಸರದಿಂದ ಸಾಗಿಹೋಗುತ್ತದೆ. ನಿನ್ನೆಯವರೆಗೆ ಒಡೆಯನ ಸೊತ್ತಾಗಿದ್ದವನು ಇಂದು ತನ್ನ ಕುಲುಮೆಗೆ ತಾನೇ ಯಜಮಾನನಾಗುವಾಗ ಆಗುವ ಒಳತೋಟಿ ಎಂಥದು? ಸ್ವಾತಂತ್ರ್ಯ ಬಂದ ಮೊದಲ ದಿನಗಳಲ್ಲಿ ಆ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು? ಇಂಥ ಪ್ರಶ್ನೆಗಳಿಗೆ ಅಜ್ಜಿಯ ನೆನಪಿನಿಂದಲೇ ಉತ್ತರ ಪಡೆಯಬಹುದಿತ್ತು. ಲೇಖಕನಿಗೆ ರಾಜಗಾಂಭೀರ್ಯದ ಮೂಲಪುರುಷ ಬೇಕಾಗಿದ್ದ, ಕಮ್ಮಾರ ಸಾಕಾಗಲಿಲ್ಲ. ಕೃತಿಯ ಮುಖ್ಯ ದೋಷ ಇದೇ ಎಂದು ನಾವು ಭಾವಿಸುತ್ತೇವೆ.

ಈ ದೋಷ ನಮಗೆ ಪರಿಚಿತವಾದದ್ದೇ. ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಪಲ್ಲವರ ರಾಜಧಾನಿಯಾಗಿತ್ತು. ಅಲ್ಲಿಯ ಸ್ತಂಭಶಾಸನವೊಂದರಲ್ಲಿ ಆ ಅರಸರ ವಂಶಾವಳಿ ಬಂದಿದೆ. ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ ಎಂದು ಮುಂದುವರಿಯುವ ಆ ಸಾಲು ನಮ್ಮ ಭಾಗದ ಇತಿಹಾಸಕ್ಕೆ ಬೆನ್ನೆಲುಬು. ಆದರೆ ಸಾಲಿನ ತುದಿಯಲ್ಲಿ ಕುಳಿತವನು ತ್ರಿನಯನ ಪಲ್ಲವ. ಈಶ್ವರವಂಶದವನೆಂದು ಕೀರ್ತಿತನಾದ ಪುರಾಣಪ್ರಾಯ ಪುರುಷ. ಕೆಳಗಿನ ಮೆಟ್ಟಿಲುಗಳು ಇತಿಹಾಸದವು, ಮೇಲಿನ ಮೆಟ್ಟಿಲು ಆಸೆಯದು. ಹೆಂಜೇರಿನ ಅರಸರಿಗೂ ಹೆನ್ನಿಂಗಿನ ಮೊಮ್ಮಗನಿಗೂ ಈ ವಿಷಯದಲ್ಲಿ ಅಂತರವಿಲ್ಲ.

ಜುಫೂರೆಯ ವೃದ್ಧನನ್ನು ಓದುವಾಗ ನಮ್ಮ ಕನ್ನಡ ಓದುಗರಿಗೆ ಹೆಳವರು ನೆನಪಾಗದೆ ಇರಲಾರರು. ಸುಗ್ಗಿಯ ಕಾಲಕ್ಕೆ ಎತ್ತಿನೊಡನೆ ಬಾಗಿಲಿಗೆ ಬಂದು, ಮನೆತನದ ಮೂಲ ಊರು, ಬೆಡಗು, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ ಕಾಳುಕಡಿ ಪಡೆದು ಹೋಗುವವರು ಅವರು. ತೆಲುಗರಲ್ಲಿ ಇದೇ ವೃತ್ತಿಯವರನ್ನು ಪಿಚ್ಚಕುಂಟ್ಲು ಎನ್ನುತ್ತಾರೆ. ಒಂದು ಮನೆತನ ಯಾವ ಸೀಮೆಯಿಂದ ಎದ್ದು ಎಲ್ಲಿಗೆ ಬಂದಿತೆಂಬುದನ್ನು ಅವರಂತೆ ಉಳಿಸಿಕೊಂಡವರು ಬೇರಿಲ್ಲ. ಈ ಸಂಪತ್ತಿಗೆ ನಾವು ಋಣಿಗಳು. ಆದರೂ ವಿಮರ್ಶಕನಾದವನು ಒಂದು ಮಾತನ್ನು ಕೇಳಲೇಬೇಕು. ಕಾಳು ಕೊಡುವ ಯಜಮಾನನ ಎದುರಿಗೆ ಅವನ ತಾತನ ಸಾಲ, ಜೀತ, ಅಪಮಾನಗಳನ್ನು ಯಾವ ಹೆಳವ ತಾನೇ ಹಾಡಿಯಾನು? ಗ್ಯಾಂಬಿಯಾದ ವೃದ್ಧನೂ ದೂರದಿಂದ ಬಂದ ಅತಿಥಿಗೆ ಬೇಕಾದದ್ದನ್ನು ಹೇಳಿದನೆಂಬುದೇ ಸಂಶೋಧಕರ ಆಕ್ಷೇಪ. ಮೆಚ್ಚಿಸುವ ಸಾಕ್ಷಿಗೆ ಪ್ರೀತಿ ಉಂಟು, ನಿಷ್ಠುರತೆ ಇಲ್ಲ. ಗಣತಿಯ ಗುಮಾಸ್ತನಿಗೆ ನಿಷ್ಠುರತೆ ಉಂಟು, ಪ್ರೀತಿ ಇಲ್ಲ. ವಂಶದ ಸತ್ಯ ಕಾಣಬೇಕಾದರೆ ಇಬ್ಬರೂ ಬೇಕು.

ಕನ್ನಡದ ಒಂದು ಮಹತ್ತ್ವದ ಕಾದಂಬರಿ ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿಕೊಂಡಿದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ ಪ್ರಕಟವಾದದ್ದು 1965ರಲ್ಲಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ವಂಶದ ಕೊರತೆಯಿಲ್ಲ. ಗೋತ್ರ, ಪ್ರವರ, ಆಸ್ತಿ, ಮರ್ಯಾದೆ ಎಲ್ಲವೂ ಇವೆ. ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಹೊರಟಾಗ ಮೊಮ್ಮಗ ಈ ವಂಶಕ್ಕೆ ಸೇರಿದವನೆಂಬ ವಾದವೇ ಆ ಮನೆಯ ಆಧಾರಸ್ತಂಭ. ಕೊನೆಗೆ ಶ್ರೋತ್ರಿಗಳಿಗೆ ತಿಳಿಯುವ ಸತ್ಯವೆಂದರೆ, ತಾವು ಯಾರನ್ನು ತಂದೆಯೆಂದು ನಂಬಿದ್ದರೋ ಅವರ ರಕ್ತ ತಮ್ಮಲ್ಲಿಲ್ಲ ಎಂಬುದು. ಅವರು ಆ ಸತ್ಯವನ್ನು ಮುಚ್ಚಿಡುವುದಿಲ್ಲ. ಆಸ್ತಿಯನ್ನು ಬಿಟ್ಟುಕೊಟ್ಟು ಹೊರಟುಬಿಡುತ್ತಾರೆ. ಹೇಲಿಯವರ ಕೃತಿಯಲ್ಲಿ ಕಾಗದವಿಲ್ಲದವನು ವಂಶವನ್ನು ಹುಡುಕುತ್ತಾನೆ. ಭೈರಪ್ಪನವರಲ್ಲಿ ಎಲ್ಲ ಕಾಗದವೂ ಇದ್ದವನ ವಂಶ ಕೈಜಾರುತ್ತದೆ. ಕಲೆಯ ದೃಷ್ಟಿಯಿಂದ ಹೇಳುವುದಾದರೆ ಎರಡನೆಯದರ ಪ್ರಾಮಾಣಿಕತೆ ಹೆಚ್ಚಿನದು. ಏಕೆಂದರೆ ತನಗೆ ಬೇಡವಾದ ಉತ್ತರವನ್ನೂ ಅಲ್ಲಿಯ ಶೋಧಕ ಸ್ವೀಕರಿಸುತ್ತಾನೆ.

ಮತ್ತೊಂದು ವಿಷಯದಲ್ಲಿ ಮಾತ್ರ ‘ರೂಟ್ಸ್’ ನಮ್ಮ ವಂಶಾವಳಿಗಳಿಗೆಲ್ಲ ಪಾಠ ಹೇಳಬಲ್ಲದು. ಏಳು ತಲೆಮಾರಿನ ಆ ಸಾಲಿನಲ್ಲಿ ಮೂವರು ಸ್ತ್ರೀಯರಿದ್ದಾರೆ: ಕಿಜ್ಜಿ, ಸಿಂಥಿಯಾ, ಬರ್ತಾ. ತಂದೆಯಿಂದ ಮಗನಿಗೆ ಎಂದು ಮಾತ್ರ ಎಣಿಸುವ ಪದ್ಧತಿಯಲ್ಲಿ ಈ ಸಾಲು ಕಿಜ್ಜಿಯ ಬಳಿಯೇ ಕಡಿದುಹೋಗುತ್ತಿತ್ತು. ಅವಮಾನದಲ್ಲಿ ಹೆತ್ತ ಮಗನಿಗೂ ಅವಳು ತನ್ನ ತಂದೆಯ ಹೆಸರನ್ನು, ಅವನ ಭಾಷೆಯ ಶಬ್ದಗಳನ್ನು ಕಲಿಸಿದಳು. ಆ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಹಿರಿಯರು ಕೂಡಿ ಆಫ್ರಿಕೆಯಿಂದ ಬಂದವನ ಕಥೆಯನ್ನು ಹೇಳುವ ವಾಡಿಕೆ ಬೆಳೆಯಿತು. ತಾಯಂದಿರು ಉಳಿಸಿದ್ದರಿಂದ ವಂಶ ಉಳಿಯಿತು. ನಮ್ಮ ಮನೆಗಳ ಎಷ್ಟು ವಂಶವೃಕ್ಷಗಳಲ್ಲಿ ಅಜ್ಜಿಯ ತವರುಮನೆಯ ಹೆಸರಿದೆ ಎಂದು ಓದುಗರು ತಾವೇ ಕೇಳಿಕೊಳ್ಳಬಹುದು.

ಇನ್ನು ನಮ್ಮ ಸೀಮೆಯ ಸಂಗತಿ. ಅಮೆರಿಕೆಯ ಗುಲಾಮನಿಗೆ 1870ರ ಗಣತಿಯಾದರೂ ಇತ್ತು. ನಮ್ಮಲ್ಲಿ ಗಣತಿಯ ಮನೆಪಟ್ಟಿಗಳು ಹುಡುಕುವವರ ಕೈಗೆ ಸಿಗುವಂತೆ ಉಳಿದಿಲ್ಲ. ಇನಾಂ ಭೂಮಿ ಇದ್ದ ಮನೆಗಳವರಿಗೆ 1860ರ ಸುಮಾರಿನ ಇನಾಂ ರಿಜಿಸ್ಟರುಗಳಲ್ಲಿ ಹಿರಿಯರ ಹೆಸರುಗಳು ದೊರೆಯುತ್ತವೆ. ಭೂಮಿಯೇ ಇಲ್ಲದವರಿಗೆ, ಮತ್ತೊಬ್ಬರ ಹೊಲದಲ್ಲಿ ಜೀತಕ್ಕಿದ್ದವರಿಗೆ, ಅಲ್ಲಿ ಹೆಸರಿಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 1976ರಲ್ಲಿ. ‘ರೂಟ್ಸ್’ ಪ್ರಕಟವಾದ ವರ್ಷವೂ ಅದೇ. ತೆಲುಗಿನ ‘ಏಡು ತರಾಲು’ ಕೂಲಿಕಾರರ, ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದ್ದು ಏಕೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ದೂರದೇಶದ ದಾಸ್ಯದ ಕಥೆಯಲ್ಲಿ ಅವರು ತಮ್ಮ ತಾತಂದಿರನ್ನು ಕಂಡರು.

ಇದರ ಮೇಲೆ ಗಡಿಯ ತೊಡಕೊಂದಿದೆ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆದೋನಿ, ಆಲೂರುಗಳೊಡನೆ ಅದು ಆಂಧ್ರಕ್ಕೆ ಸೇರಿದ ಮೇಲೆ ಒಂದೇ ಮನೆತನದ ಹಳೆಯ ಕಾಗದ ಒಂದು ಜಿಲ್ಲೆಯ ಹೆಸರಿನಲ್ಲಿ, ಹೊಸ ಕಾಗದ ಇನ್ನೊಂದು ಜಿಲ್ಲೆಯ ಹೆಸರಿನಲ್ಲಿ ಆಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಶಾನುಭೋಗರ ಹಳೆಯ ಕಡತಗಳಲ್ಲಿ ಮೋಡಿ ಅಕ್ಷರವನ್ನು ಬಿಡಿಸಿ ಓದಬಲ್ಲವರು ಈಗ ವಿರಳ. ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಗಂಟಿನಲ್ಲಿ ಇರುವ ಕಾಗದ ಯಾವ ಭಾಷೆಯದೆಂಬುದೇ ಮೊಮ್ಮಕ್ಕಳಿಗೆ ತಿಳಿಯದು. ರೊಳ್ಳ, ಅಮರಾಪುರ, ಅಗಳಿ, ಗುಡಿಬಂಡೆ, ಡಿ. ಹೀರೇಹಾಳು ಮೊದಲಾದ ಕಡೆ ಕನ್ನಡ ಶಾಲೆಗಳು ನಡೆದು ಬಂದಿದ್ದರೂ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವ ಮನೆಗಳು ಹೆಚ್ಚುತ್ತಿವೆ. ಅದನ್ನು ತಪ್ಪೆಂದು ನಾವು ಹೇಳುವುದಿಲ್ಲ. ಅನ್ನದ ಪ್ರಶ್ನೆ ದೊಡ್ಡದು. ಆದರೆ ಹೇಲಿಯವರ ಮನೆಯಲ್ಲಿ ಇನ್ನೂರು ವರ್ಷ ಉಳಿದದ್ದು ಎಂಟು ಹತ್ತು ಶಬ್ದಗಳು ಮಾತ್ರ. ಮುಂದಿನ ಶೋಧನೆಯೆಲ್ಲ ಆ ಶಬ್ದಗಳ ಬೆನ್ನುಹತ್ತಿ ನಡೆಯಿತು ಎಂಬುದನ್ನು ಮರೆಯಬಾರದು. ತೆಲುಗನ್ನೇ ಮನೆಮಾತಾಗಿ ಮಾಡಿಕೊಂಡ ನಮ್ಮ ಕೆಲವು ಮನೆಗಳಲ್ಲಿ ಇಂದಿಗೂ ಮನೆದೇವರ ಹೆಸರು, ಬೆಡಗು, ಸೋಬಾನೆಯ ಸೊಲ್ಲು ಕನ್ನಡದಲ್ಲಿ ಉಳಿದಿರುವುದುಂಟು. ಹಾಗೆಯೇ ಕನ್ನಡದ ಮನೆಗಳಲ್ಲಿ ತೆಲುಗಿನ ಇಂಟಿಪೇರು ಉಳಿದಿರುವುದೂ ಉಂಟು. ಇವೆರಡೂ ಸುಳಿವುಗಳೇ. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಜಾತ್ರೆಗೆ ತಪ್ಪದೆ ಹೋಗುವ ಮನೆಯವರು ಏಕೆ ಹೋಗುತ್ತೇವೆಂದು ಒಮ್ಮೆ ಕೇಳಿಕೊಂಡರೆ, ಮೂರು ತಲೆಮಾರಿನ ಹಿಂದಿನ ದಾರಿಯೊಂದು ತೆರೆಯಬಹುದು.

ಹಾಗಾದರೆ ‘ರೂಟ್ಸ್’ ಕೃತಿಯನ್ನು ನಾವು ಹೇಗೆ ಬರಮಾಡಿಕೊಳ್ಳಬೇಕು? ಇತಿಹಾಸವೆಂದು ಪೂರ್ತಿಯಾಗಿ ನಂಬುವಂತಿಲ್ಲ. ಸುಳ್ಳೆಂದು ತಳ್ಳುವುದೂ ಅನ್ಯಾಯ. ವಾಸ್ತವವನ್ನೂ ಕಲ್ಪನೆಯನ್ನೂ ಬೆರೆಸಿದ್ದೇನೆಂದು ಹೇಲಿಯವರೇ ಹೇಳಿಕೊಂಡಿದ್ದರು. ಬೆರಕೆಯ ಪ್ರಮಾಣ ಎಲ್ಲೆಲ್ಲಿ ಎಷ್ಟೆಂದು ಪುಟದ ಮೇಲೆ ತೋರಿಸಲಿಲ್ಲ ಎಂಬುದು ನಮ್ಮ ಆಕ್ಷೇಪ. ಇಷ್ಟಾದರೂ, ಹೆಸರಿಲ್ಲದೆ ಪಟ್ಟಿಯಲ್ಲಿ ಸೇರಿದ್ದ ಜನರಿಗೆ ತಮಗೂ ತಲೆಮಾರುಗಳಿವೆ ಎಂಬ ಧೈರ್ಯವನ್ನು ಕೊಟ್ಟದ್ದು ಈ ಗ್ರಂಥವೇ. ಇದನ್ನು ಓದಿದ ಸಾವಿರಾರು ಅಮೆರಿಕನ್ ಕುಟುಂಬಗಳು ಪತ್ರಾಗಾರಗಳ ಬಾಗಿಲು ತಟ್ಟಿದವು. ಅದನ್ನು ಆಗಮಾಡಿಸಿದ ಕೃತಿಯನ್ನು ಸಾಹಿತ್ಯಲೋಕ ಗೌರವಿಸಲೇಬೇಕು.

ಸಂಘದ ಸದಸ್ಯರಲ್ಲಿ ನಮ್ಮ ಒಂದು ವಿನಂತಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ತಾತಂದಿರು ಇದ್ದರೆ ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಹೆಸರುಗಳನ್ನು ಬರೆಯಿರಿ, ಹೆಣ್ಣುಮಕ್ಕಳ ಹೆಸರನ್ನೂ ಅವರ ತವರನ್ನೂ ಬಿಡಬೇಡಿ. ಕೇಳಿದ್ದು ಯಾವುದು, ಕಾಗದದಲ್ಲಿ ಕಂಡದ್ದು ಯಾವುದು ಎಂದು ಬೇರೆ ಬೇರೆ ಗುರುತು ಮಾಡಿ. ತಿಳಿಯದ ಕಡೆ ಜಾಗವನ್ನು ಖಾಲಿ ಬಿಡಿ. ಅಲ್ಲಿ ರಾಜರನ್ನೂ ಋಷಿಗಳನ್ನೂ ತಂದು ಕೂರಿಸಬೇಡಿ. ತಾತ ಜೀತಕ್ಕಿದ್ದವನಾದರೆ ಹಾಗೆಯೇ ಬರೆಯಿರಿ, ಕಮ್ಮಾರನಾದರೆ ಹಾಗೆಯೇ ಬರೆಯಿರಿ. ಅದನ್ನು ಕನ್ನಡದಲ್ಲಿ ಬರೆಯಿರಿ. ಮೊಮ್ಮಕ್ಕಳು ತಾವಾಗಿ ಓದಲಾರದವರಾದರೆ, ಓದಿ ಹೇಳಿ.